ಅಟ್ಟಕ್ಕೆ ಬಾರದ ನೀರು

ಒಂದಾನೊಂದು ಕಾಲದಲ್ಲಿ ಒಂದು ನದಿ ಇತ್ತು. ಆ ನದಿಗೆ ಮಾನ ಮರ್ಯಾದೆ ಇತ್ತು.

ಗಂಡನ ಮನೆಯಿಂದ ತವರಿಗೆ ಬರುವ ಮಗಳ ಹಾಗೆ ವರ್ಷಕ್ಕೊಂದು ಸಲ ಅದು ತಗ್ಗಿನವರ ಮನೆಗೆ ಬರುತ್ತಿತ್ತು. ಬರುವ ಮುಂಚೆ ಹೇಳಿ ಕಳಿಸುತ್ತಿತ್ತು. ಮೊದಲು ಬಾವಿಯ ನೀರು ಕದಡುತ್ತಿತ್ತು. ಆಮೇಲೆ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತಿದ್ದವು. ಆಮೇಲೆ ಅಂಗಳದ ಅಂಚಿನಲ್ಲಿ ನೀರು ಮಿಣಕ್ಕೆನ್ನುತ್ತಿತ್ತು. ಹೊಸ್ತಿಲು ದಾಟಿ ಒಳಗೆ ಬಂದು, ಮೊಣಕಾಲಿನ ತನಕ ಏರಿ, ಮನೆಯವರ ಮುಖವನ್ನೆಲ್ಲ ಒಮ್ಮೆ ನೋಡಿ, ಮಾರನೆಯ ದಿನ ಹೊರಟುಬಿಡುತ್ತಿತ್ತು. ಬರಿಗೈಯಲ್ಲಿ ಬಂದವಳೆಂದು ಯಾರೂ ಆಡಬಾರದೆಂದು ಹಿತ್ತಿಲಲ್ಲಿ ಒಂದಿಷ್ಟು ಮೆಕ್ಕಲು ಮಣ್ಣು ಬಿಟ್ಟು ಹೋಗುತ್ತಿತ್ತು.

ಮೊಣಕಾಲಿಗಿಂತ ಮೇಲೆ ಯಾಕೆ ಬರುತ್ತಿರಲಿಲ್ಲ? ಅದಕ್ಕೂ ಕಾರಣ ಇತ್ತು. ಬಹಳ ಹಿಂದೆ ಒಬ್ಬ ಬಾಣಂತಿ ಅಟ್ಟದ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತು ನದಿಯನ್ನು ಬೈದಳಂತೆ. ‘ನಿನಗೆ ಅಂಗಳ ಬಿಟ್ಟುಕೊಟ್ಟೆ, ನಡುಮನೆ ಬಿಟ್ಟುಕೊಟ್ಟೆ, ಒಲೆಯನ್ನೂ ಬಿಟ್ಟುಕೊಟ್ಟೆ. ಅಟ್ಟ ನನ್ನ ಕೂಸಿನದು. ಇಲ್ಲಿಗೂ ಬಂದರೆ ನೀನು ಹೆಣ್ಣೇ ಅಲ್ಲ.’ ನದಿ ನಾಚಿಕೊಂಡಿತು. ಅಟ್ಟಕ್ಕೆ ಕಾಲಿಡುವುದಿಲ್ಲ ಎಂದು ಮಾತು ಕೊಟ್ಟಿತು.

ಇದು ತಗ್ಗಿನ ಅಜ್ಜಿಯೊಬ್ಬಳು ಹೇಳುತ್ತಿದ್ದ ಕಥೆ. ಮಕ್ಕಳನ್ನು ಮಲಗಿಸಲು ಮಾತ್ರ ಹೇಳುವ ಕಥೆ ಅದಲ್ಲ. ತಗ್ಗಿನಲ್ಲಿ ಮನೆ ಕಟ್ಟುವವರು ಅದನ್ನು ನಂಬಿಯೇ ಕಟ್ಟುತ್ತಿದ್ದರು. ನಿಂತ ಆಳಿನ ತಲೆಗೆ ತಾಗದಷ್ಟು ಎತ್ತರಕ್ಕೆ ಅಟ್ಟ. ನೆರೆ ಬಂದಾಗ ಕಾಳು, ಹಾಸಿಗೆ, ಕೋಳಿ, ನಡೆಯಲಾಗದ ಮುದುಕರು ಅಟ್ಟಕ್ಕೆ. ನಡೆಯಬಲ್ಲವರು ಕೆಲಸಕ್ಕೆ.

ಕೆಲಸ ಅಂದರೆ ಕೆಸರು.

ನದಿಯ ಆಚೆ ದಡದಲ್ಲಿ ದಿಣ್ಣೆ. ಆಫೀಸುಗಳು, ಆಸ್ಪತ್ರೆ, ದೊಡ್ಡ ಮನೆಗಳು ಎಲ್ಲ ಅಲ್ಲಿ. ದಿಣ್ಣೆಯ ಚರಂಡಿ ತಗ್ಗಿನವರದು. ಚರಂಡಿ ನೀರಲ್ಲ, ಚರಂಡಿ ಬಳಿಯುವ ಕೆಲಸ. ನೀರು ನುಗ್ಗಿದ ನೆಲಮಾಳಿಗೆ, ಕಟ್ಟಿಕೊಂಡ ಮೋರಿ, ತುಂಬಿದ ಗುಂಡಿ, ಎಲ್ಲಕ್ಕೂ ಅವರೇ. ಅವರು ಬಳಿದ ಆಫೀಸಿನ ಪಾಯಖಾನೆಗೆ ಅವರೇ ಹೋಗುವಂತಿಲ್ಲ. ನೀರು ಬೇಕಾದರೆ ಹಿಂದಿನ ನಲ್ಲಿ. ದಿಣ್ಣೆಯ ಮೇಲೆ ಖಾಲಿ ಜಾಗ ಇತ್ತು. ಅಲ್ಲಿ ಮನೆ ಕಟ್ಟಿಕೊಳ್ಳುತ್ತೇವೆ ಎಂದು ಅಜ್ಜಿಯ ಅಪ್ಪ ಕೇಳಿದ್ದ. ಅಜ್ಜಿಯ ಗಂಡ ಕೇಳಿದ. ಜಾಗ ಉದ್ಯಾನವಾಯಿತು. ಉದ್ಯಾನದ ಪಕ್ಕದ್ದು ಕಾರು ನಿಲ್ಲಿಸುವ ಜಾಗವಾಯಿತು. ‘ನಿಮಗೆ ನೀರು ಅಭ್ಯಾಸ ಇದೆಯಲ್ಲ’ ಎಂದರು. ಮೀನಿಗೆ ಹೇಳುವ ಹಾಗೆ ಹೇಳಿದರು.

ಮೊದಲು ದಿಣ್ಣೆಯ ಕೆಸರು, ಆಮೇಲೆ ನಿಮ್ಮದು. ಇದು ಅಲ್ಲಿನ ಕ್ರಮ. ಯಾರು ಮಾಡಿದ ಕ್ರಮ ಎಂದು ಯಾರೂ ಕೇಳಿರಲಿಲ್ಲ. ನದಿ ಬೇಗ ಬಂದು ಬೇಗ ಹೋಗುತ್ತಿದ್ದ ಕಾಲದಲ್ಲಿ ಹೇಗೋ ನಡೆಯುತ್ತಿತ್ತು.

ಆಮೇಲೆ ನದಿ ಬದಲಾಯಿತು.

ಅಜ್ಜಿಯ ಕಾಲದ ಮಳೆ ಜರಡಿ ಹಿಡಿದ ಹಾಗೆ ತಿಂಗಳುಗಟ್ಟಲೆ ಬೀಳುತ್ತಿತ್ತು. ಈಗ ಚೀಲದ ಬಾಯಿ ಬಿಚ್ಚಿ ಸುರಿದ ಹಾಗೆ ಬಂತು. ಬರಬೇಕಾದ ತಿಂಗಳಲ್ಲಿ ಬರಲಿಲ್ಲ. ಬಾರದ ತಿಂಗಳಲ್ಲಿ ಬಂತು. ಮೇಲಿನ ಗುಡ್ಡಗಳನ್ನು ಬೋಳಿಸಿಯಾಗಿತ್ತು, ಬಿದ್ದ ನೀರು ಅಲ್ಲಿ ಕ್ಷಣವೂ ನಿಲ್ಲದೆ ಉರುಳಿತು. ಇರುವೆಗಳಿಗೂ ಗೊತ್ತಾಗಲಿಲ್ಲ. ಮೊಟ್ಟೆ ಸಮೇತ ಮುಳುಗಿದವು. ಮೊದಲು ನೀರು ತೊಡೆಗೆ ಬಂತು. ಇನ್ನೊಂದು ವರ್ಷ ಸೊಂಟಕ್ಕೆ ಬಂತು. ಒಂದೇ ವರ್ಷದಲ್ಲಿ ಎರಡು ಸಲ ಬಂತು. ಬಂದದ್ದು ಹೋಗಲಿಲ್ಲ, ಅಲ್ಲೇ ಕೂತು ನಾರಿತು.

ಆಗ ದಿಣ್ಣೆಯವರು ತಮ್ಮ ದಡಕ್ಕೆ ಗೋಡೆ ಕಟ್ಟಿಕೊಂಡರು. ಕಾಂಕ್ರೀಟಿನ ಗೋಡೆ. ಕಲ್ಲು ಹೊತ್ತವರು ತಗ್ಗಿನವರು. ಕಟ್ಟುವ ಮುಂಚೆ ಇಂಜಿನಿಯರ್ ಒಂದು ಸಲ ತಗ್ಗಿಗೆ ಬಂದು ವಿವರಿಸಿದ. ಕೆಟ್ಟವನಲ್ಲ. ಬೂಟು ಕೆಸರಾದರೂ ಮುಖ ಸಿಂಡರಿಸಲಿಲ್ಲ.

“ಸಮುದ್ರ ಕಾದಿದೆ. ಮೇಲಿನ ಗಾಳಿಯೂ ಕಾದಿದೆ. ಕಾದ ಗಾಳಿ ಜಾಸ್ತಿ ನೀರು ಹೊರುತ್ತೆ. ಹೊತ್ತಿದ್ದನ್ನ ಒಂದೇ ಸಲ ಇಳಿಸುತ್ತೆ. ಇದು ಇಡೀ ಪ್ರಪಂಚದ ಸಮಸ್ಯೆ, ಯಾರ ಕೈಲೂ ಇಲ್ಲ.”

ಕೆಸರಿನ ಗ್ಯಾಂಗಿನ ಮುಂದಾಳು ಚಿಕ್ಕಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಕೇಳಿದಳು: “ಸಮುದ್ರ ಕಾಯಿಸಿದ್ದು ಯಾರು ಸಾರ್? ನಮ್ಮನೇಲಿರೋದು ಒಂದೇ ಒಲೆ. ಅದೂ ಎರಡು ಹೊತ್ತು ಉರಿಯಲ್ಲ.”

ಇಂಜಿನಿಯರ್ ನಕ್ಕ. “ಒಳ್ಳೆ ಪ್ರಶ್ನೆ ಕಣಮ್ಮ.”

“ಪ್ರಶ್ನೆ ಒಳ್ಳೇದೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಸಮುದ್ರಕ್ಕೆ ಜ್ವರ ಬಂದ್ರೆ ನಮಗೆ ಬರೆ. ಗೋಡೆ ನಿಮ್ಮ ಕಡೆ ಕಟ್ಟಿದ್ರೆ ಆ ನೀರು ಎಲ್ಲಿಗೆ ಹೋಗುತ್ತೆ ಸಾರ್?”

ಇಂಜಿನಿಯರ್ ನದಿಯ ಕಡೆ ನೋಡಿದ. ಆಮೇಲೆ ಗಡಿಯಾರ ನೋಡಿದ. ಎರಡನೆಯ ಹಂತದಲ್ಲಿ ಈ ಕಡೆಗೂ ಕಟ್ಟುತ್ತೇವೆ ಎಂದ. ಎರಡನೆಯ ಹಂತ ಬರಲಿಲ್ಲ.

ಇಷ್ಟು ಹಿಂದಿನ ಮಾತು. ಇನ್ನು ಮುಂದಿನದು ಕೇಳಿ.

ಆ ಅಜ್ಜಿಗೆ ಒಬ್ಬಳು ಮೊಮ್ಮಗಳು. ಮಗಳು ಹೆರಿಗೆಯಲ್ಲಿ ಹೋದ ಮೇಲೆ ಕೂಸನ್ನು ಅಜ್ಜಿಯೇ ಸಾಕಿದ್ದಳು, ಗಂಜಿಗಿಂತ ಹೆಚ್ಚು ಕಥೆ ಕುಡಿಸಿ. ಗ್ಯಾಂಗಿನಲ್ಲಿ ಎಲ್ಲರೂ ಹುಡುಗಿಯನ್ನು ಅರೆನಿದ್ದೆ ಎಂದು ಕರೆಯುತ್ತಿದ್ದರು. ಕೆಸರಿನ ಬುಟ್ಟಿ ತಲೆಯ ಮೇಲಿದ್ದರೂ ಮೋಡ ನೋಡುತ್ತಾ ನಿಂತುಬಿಡುವವಳು. ಕೆಸರು ಕಿವಿಯ ಹಿಂದೆ ಇಳಿದು ಕುತ್ತಿಗೆಗೆ ಬಂದಾಗ ಎಚ್ಚರವಾಗುವವಳು. ಅಜ್ಜಿಯ ಕಾಲಿನಲ್ಲಿ ಶಕ್ತಿ ಹೋಗಿ ಬಹಳ ದಿನವಾಗಿತ್ತು. ನಾಲಿಗೆಯಲ್ಲಿ ಹೋಗಿರಲಿಲ್ಲ.

ಆ ದಿನ ಬೆಳಗ್ಗೆ ಮಳೆ ಹೊಡೆಯುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಮೇಸ್ತ್ರಿಯ ಲಾರಿ ಬಂದು ಹಾರ್ನ್ ಹೊಡೆಯಿತು. ದಿಣ್ಣೆಯ ಗೋಡೆಯ ಮೇಲೆ ಮರಳಿನ ಚೀಲ ಪೇರಿಸಬೇಕು, ಗ್ಯಾಂಗು ಪೂರ್ತಿ ಬರಬೇಕು. ಅಂಗಳಕ್ಕೆ ಆಗಲೇ ನೀರು ಬಂದಿತ್ತು.

ಅರೆನಿದ್ದೆ ಏಣಿ ಇಟ್ಟಳು. ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡಳು. ಅಜ್ಜಿಯ ಕೈ ಕುತ್ತಿಗೆಗೆ ಬಿಗಿಯಿತು, ಕಾಲು ಹಗ್ಗದ ಹಾಗೆ ನೇತಾಡಿತು.

“ಮೆಲ್ಲಗೆ ಕಣೇ. ನಾನೇನು ಸಿಮೆಂಟ್ ಚೀಲ ಅಲ್ಲ.”

“ಸಿಮೆಂಟ್ ಚೀಲ ಇಷ್ಟು ಬಾಯಿ ಮಾಡಲ್ಲ ಅಜ್ಜಿ.”

“ಬಾಯಿ ಇರೋದ್ರಿಂದ ನೀನು ಇಷ್ಟು ದೊಡ್ಡವಳಾಗಿದ್ದು. ಇಲ್ಲದಿದ್ರೆ ಹಸಿವು ಮರೆಸ್ತಿದ್ದೋರು ಯಾರು?”

ಅಟ್ಟದ ಮೇಲೆ ಹಾಸಿಗೆ ಸುತ್ತಿ ಬೆನ್ನಿಗೆ ಆನಿಸಿದಳು. ಒಂದು ಚೊಂಬು ನೀರು, ನೆನೆಸಿದ ಕಾಳು, ಒಂದು ಮಗ್ಗು. ಮಗ್ಗು ಯಾತಕ್ಕೆ ಎಂದು ಇಬ್ಬರೂ ಹೇಳಲಿಲ್ಲ. ಕಾಲು ಆಡದವರಿಗೆ ಅದೂ ಬೇಕು.

“ನೀರು ಜಾಸ್ತಿ ಇದೆ ಅಜ್ಜಿ ಈ ಸಲ. ನಾನು ಹೋಗ್ಲಾ ಬೇಡ್ವಾ?”

“ಹೋಗು. ಮೊಣಕಾಲಿಗೆ ಬರೋದು ಸೊಂಟಕ್ಕೆ ಬರುತ್ತೆ. ಅಟ್ಟಕ್ಕೆ ಅದು ಯಾವತ್ತು ಬಂದಿದೆ? ನೀನು ಹೋಗದಿದ್ರೆ ಆ ಮೇಸ್ತ್ರಿ ನಾಳೆಯಿಂದ ಕರೆಯಲ್ಲ.”

“ನೀರು ಇಳೀತಿದ್ದ ಹಾಗೆ ಬಂದು ಇಳಿಸ್ತೀನಿ.”

“ಇಳಿಸ್ತೀಯಲ್ಲ? ಎಲ್ಲಾದ್ರೂ ಮೋಡ ನೋಡ್ತಾ ನಿಂತ್ಕೊಂಡುಬಿಟ್ಟೀಯ.”

“ಇಲ್ಲ ಅಜ್ಜಿ. ನಾನೇ ಬಂದು ಇಳಿಸ್ತೀನಿ. ನಿನ್ನಾಣೆ.”

“ನನ್ನಾಣೆ ಯಾತಕ್ಕೆ? ಇವತ್ತೋ ನಾಳೆಯೋ ಹೋಗೋಳು. ನಿನ್ನಾಣೆ ಇಡು.”

ಅವಳು ತನ್ನಾಣೆ ಇಟ್ಟಳು. ಏಣಿಯನ್ನು ಅಲ್ಲೇ ಬಿಟ್ಟು ಲಾರಿ ಹತ್ತಿದಳು. ತಗ್ಗಿನಲ್ಲಿ ಆ ದಿನ ಅಟ್ಟದ ಮೇಲೆ ಕೂತವಳು ಅವಳ ಅಜ್ಜಿ ಒಬ್ಬಳೇ ಅಲ್ಲ.

ಮರಳಿನ ಚೀಲದ ಕೆಲಸ ಹೀಗೆ: ಒಬ್ಬಳು ಚೀಲದ ಬಾಯಿ ಹಿಡಿಯಬೇಕು, ಒಬ್ಬಳು ಸಲಿಕೆಯಿಂದ ತುಂಬಬೇಕು, ಒಬ್ಬಳು ದಬ್ಬಣದಿಂದ ಹೊಲಿಯಬೇಕು, ಉಳಿದವರು ಹೊರಬೇಕು. ಒದ್ದೆ ಮರಳು ಒಣ ಮರಳಿಗಿಂತ ಭಾರ. ಬೆನ್ನಿನ ಮೇಲೆ ಹಾಕಿಕೊಂಡರೆ ಅದರ ನೀರು ಸೊಂಟಕ್ಕೆ ಇಳಿಯುತ್ತದೆ, ನೀರಿನ ಜೊತೆ ಮರಳೂ ಇಳಿಯುತ್ತದೆ. ನಡೆದ ಹಾಗೆಲ್ಲ ಚರ್ಮ ತರಿಯುತ್ತದೆ. ಮಧ್ಯಾಹ್ನಕ್ಕೆ ಎಲ್ಲರ ಹೆಗಲೂ ಕೆಂಪಾಗಿತ್ತು. ಉಚ್ಚೆಗೆ ಹೋಗಲು ಮರೆ ಇರಲಿಲ್ಲ. ಮಳೆಯಲ್ಲಿ ನಿಂತೇ ಬಿಟ್ಟರು. ಮಳೆ ತೊಳೆಯಿತು. ಮಳೆಯಿಂದ ಆದ ಉಪಕಾರ ಅದೊಂದೇ.

ಗೋಡೆಯ ಮೇಲಿಂದ ತಗ್ಗು ಕಾಣುತ್ತಿತ್ತು. ಗೋಡೆಗೆ ಬಡಿದ ನೀರು ತಿರುಗಿಕೊಂಡು ಆಚೆ ಹೋಗುವುದೂ ಕಾಣುತ್ತಿತ್ತು. ಒಂದೊಂದು ಚೀಲ ಇಟ್ಟ ಹಾಗೂ ಆಚೆಯ ಬಾಗಿಲುಗಳು ಚಿಕ್ಕದಾಗುತ್ತಿದ್ದವು.

“ಮೇಸ್ತ್ರಿ, ಅಜ್ಜಿ ಅಟ್ಟದ ಮೇಲಿದ್ದಾಳೆ. ಒಂದ್ಸಲ ಹೋಗಿ ನೋಡ್ಕೊಂಡ್ ಬರ್ತೀನಿ.”

“ಅಟ್ಟದ ಮೇಲೆ ತಾನೇ? ಮತ್ತೇನು ಭಯ?” ಮೇಸ್ತ್ರಿ ಕೊಡೆಯ ಕೆಳಗೆ ನಿಂತಿದ್ದ. “ನಿಮ್ಮಜ್ಜಿ ಕಥೆ ಊರಿಗೆಲ್ಲ ಗೊತ್ತು. ನದಿ ಮಾತು ಕೊಟ್ಟಿದೆ ಅಲ್ವಾ? ಮಾತಿಗೆ ತಪ್ಪುತ್ತಾ?”

ಹೆಂಗಸರು ನಕ್ಕರು. ಸುಸ್ತಾದವರಿಗೆ ನಗಲು ಏನಾದರೂ ಸಾಕು. ಅರೆನಿದ್ದೆಯೂ ನಕ್ಕಳು. ನಕ್ಕು, ಇನ್ನೊಂದು ಚೀಲ ಬೆನ್ನಿಗೆ ಹಾಕಿಕೊಂಡಳು. ಅಟ್ಟಕ್ಕೆ ಬರುವುದಿಲ್ಲ ಎಂದು ಅವಳೂ ನಂಬಿದ್ದಳು. ಹುಟ್ಟಿದಾಗಿನಿಂದ ಕೇಳಿದ್ದನ್ನು ಒಂದು ಮಧ್ಯಾಹ್ನದಲ್ಲಿ ಬಿಡಲು ಬರುತ್ತದೆಯೇ?

ಹೊತ್ತು ಇಳಿಯುವಾಗ ಬಾಗಿಲುಗಳು ಕಾಣಲಿಲ್ಲ. ಅವಳು ಚೀಲ ಕೆಳಗೆ ಹಾಕಿ ಓಡಿದಳು. ಸೇತುವೆಗೆ ಅಡ್ಡ ಕಂಬಿ ಹಾಕಿದ್ದರು. ಕೆಳಗೆ ಮೆಟ್ಟಿಲಿಗೆ ಒಂದು ಮೋಟರ್ ದೋಣಿ ಬಂದು ನಿಂತಿತ್ತು. ಅವಳು ದೋಣಿಯವನ ಕಾಲು ಹಿಡಿದಳು.

“ಅಣ್ಣಾ, ಒಂದೇ ಒಂದು ಸಲ. ಆಚೆ ಕರ್ಕೊಂಡ್ ಹೋಗು.”

“ನನ್ನ ಕೈಲಿಲ್ಲ ತಾಯಿ. ಇದನ್ನ ಇಳಿಸಿದ ಮೇಲೆ ಇನ್ನೊಂದು ಟ್ರಿಪ್ ಇದೆ.”

ದೋಣಿಯಲ್ಲಿ ಸೋಫಾ ಇದ್ದವು. ಗೋಡೆಯ ಹೊರಗೆ, ನದಿಯ ನೋಟಕ್ಕೆಂದು ಕಟ್ಟಿದ ಸರ್ಕಾರಿ ಅತಿಥಿಗೃಹದ ಸೋಫಾಗಳು. ಮೇಸ್ತ್ರಿ ಮೇಲಿಂದ ಕೂಗಿದ: “ಏ, ಬನ್ನಿ ನಾಲ್ಕು ಜನ! ಎತ್ತಿ! ಬೇಗ ಎತ್ತಿದ್ರೆ ದೋಣಿ ಬೇಗ ಖಾಲಿ ಆಗುತ್ತೆ, ಆಮೇಲೆ ಅವಳ ಅಜ್ಜಿನ ನೋಡೋಣ!”

ಅವಳು ಎತ್ತಿದಳು. ನೀರು ಕುಡಿದ ಸೋಫಾ ಸತ್ತ ಎಮ್ಮೆಯಷ್ಟು ಭಾರ. ಒಂದು ಕಾಲು ಅವಳು, ಒಂದು ಕಾಲು ಚಿಕ್ಕಮ್ಮ, ಹಿಂದೆ ಇಬ್ಬರು. ಮೆಟ್ಟಿಲು ಜಾರುತ್ತಿತ್ತು. ಉಗುರು ಕಿತ್ತುಬಂತು. ಅವಳಿಗೆ ಗೊತ್ತಾಗಲಿಲ್ಲ. ಬೇಗ, ಬೇಗ ಎನ್ನುತ್ತಾ ಎತ್ತಿದಳು. ಸೋಫಾ ಆಯಿತು. ಇನ್ನೊಂದು ಟ್ರಿಪ್ಪಿನಲ್ಲಿ ಮಂಚಗಳು ಬಂದವು. ಮಂಚ ಆಯಿತು. ಪರದೆಗಳ ಗಂಟು ಬಂತು. ಅದೂ ಆಯಿತು.

“ಈಗ ಅಣ್ಣಾ.”

ದೋಣಿಯವನು ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಆಕಾಶ ನೋಡಿದ.

“ಕತ್ತಲಾಯ್ತು. ಕತ್ತಲಲ್ಲಿ ದೋಣಿ ಬಿಡಬಾರದು ಅಂತ ಆರ್ಡರ್ ಇದೆ. ಜೀವದ ಪ್ರಶ್ನೆ.”

ಬೆಳಗಾದಾಗ ಗ್ಯಾಂಗು ಗೋಡೆಯ ಮೇಲೆ ಸಾಲಾಗಿ ನಿಂತಿತ್ತು. ತಗ್ಗು ಇರಲಿಲ್ಲ. ಕೆಲವು ಮನೆಗಳ ಮಾಡಿನ ತುದಿ ಮಾತ್ರ ಬೋರಲು ಬಿದ್ದ ದೋಣಿಗಳ ಹಾಗೆ ಕಾಣುತ್ತಿತ್ತು. ಅಟ್ಟ ಇರುವುದು ಹೆಂಚಿನ ಕೆಳಗೆ. ನೀರು ಹೆಂಚಿನ ಮೇಲೆ ಹರಿಯುತ್ತಿತ್ತು.

“ತಲೆ ಮೇಲೆ ಹೋದ ನೀರು ಮೊಳ ಆದ್ರೇನು...” ಎಂದು ಯಾರೋ ಶುರುಮಾಡಿದರು. ಚಿಕ್ಕಮ್ಮ ತಿರುಗಿ ನೋಡಿದಳು. ಮಾತು ಅಲ್ಲೇ ನಿಂತಿತು.

ಚಿಕ್ಕಮ್ಮ ರಕ್ತಸಂಬಂಧದವಳಲ್ಲ, ಗೋಡೆಸಂಬಂಧದವಳು. ಅವಳ ಮನೆಗೂ ಅಜ್ಜಿಯ ಮನೆಗೂ ನಡುವೆ ಒಂದೇ ಗೋಡೆ. ತನ್ನ ಮಕ್ಕಳನ್ನು ಅವಳು ಲಾರಿಯಲ್ಲೇ ಹಾಕಿಕೊಂಡು ಬಂದಿದ್ದಳು. ಈಗ ಆ ಮಕ್ಕಳನ್ನು ಎಲ್ಲಿ ಬಚ್ಚಿಡಲಿ ಎನ್ನುವ ಹಾಗೆ ಸೆರಗಿನ ಹಿಂದೆ ಎಳೆದುಕೊಂಡಳು. ಬದುಕಿರುವ ಮಕ್ಕಳನ್ನು ತೋರಿಸುವುದೂ ಆಗ ತಪ್ಪು ಅನಿಸಿತು.

ಅರೆನಿದ್ದೆ ಅಳಲಿಲ್ಲ. ಅಜ್ಜಿ ಏನಾದರೂ ಮಾಡಿರುತ್ತಾಳೆ ಎಂದುಕೊಂಡಳು. ನದಿಗೇ ಒಂದು ಕಥೆ ಹೇಳಿ ಕೂರಿಸಿಕೊಂಡಿರುತ್ತಾಳೆ. ಒಂದು ಕಥೆಯ ಬಾಲಕ್ಕೆ ಇನ್ನೊಂದು ಕಥೆ ಗಂಟು ಹಾಕುತ್ತಾ ಹೋದರೆ ನದಿ ಬಾಯಿ ತೆರೆದುಕೊಂಡು ಕೇಳುತ್ತಾ ಕೂರಬೇಕು. ಮಗುವಾಗಿದ್ದಾಗ ತನ್ನನ್ನು ಹಾಗೇ ಕೂರಿಸಿರಲಿಲ್ಲವೇ? ಮರುದಿನ ದೋಣಿಯವನು ತಾನಾಗಿಯೇ ಬಂದು ಹೇಳಿದ: “ನಿಮ್ಮ ಸಾಲಿನ ಮೇಲೆ ಹೋಗಿದ್ದೆ ತಾಯಿ. ಕೂಗಿದೆ. ಯಾರೂ ಓಗೊಡಲಿಲ್ಲ.” ಅಜ್ಜಿಗೆ ಕಿವಿ ಸ್ವಲ್ಪ ಮಂದ ಎಂದು ಅವಳು ಹೇಳಿದಳು. ಅವನು ತಲೆ ಬಗ್ಗಿಸಿಕೊಂಡು ಹೋದ.

ಗ್ಯಾಂಗನ್ನು ಶಾಲೆಯ ಜಗುಲಿಯಲ್ಲಿ ಇಟ್ಟರು. ಕೋಣೆಗಳಿಗೆ ಬೀಗ. ಬೆಂಚು ಹಾಳಾಗುತ್ತದಂತೆ. ಊಟದ ಪೊಟ್ಟಣವನ್ನು ಗೇಟಿನ ಮೇಲಿಂದ ಚಾಚಿದರು, ಕೈಗೆ ಕೈ ತಾಗದ ಹಾಗೆ. ಮಳೆ ನಿಂತಿತು. ಬಿಸಿಲು ಬಂತು. ನೀರು ಮಾತ್ರ ಹೋಗಲಿಲ್ಲ. ಹಿಂದೆ ಅದು ಎರಡೂ ಕಡೆ ಹರಡಿ, ತೆಳ್ಳಗಾಗಿ, ಜಾರಿಕೊಳ್ಳುತ್ತಿತ್ತು. ಈಗ ಒಂದು ಕಡೆ ಗೋಡೆ. ತಗ್ಗು ಬಟ್ಟಲಾಗಿತ್ತು. ದಿನ ಕಳೆದ ಹಾಗೆ ನಾತ ಬರತೊಡಗಿತು. ದಿಣ್ಣೆಯವರು ಕಿಟಕಿ ಹಾಕಿಕೊಂಡರು.

ಕೊನೆಗೂ ನೀರು ಇಳಿಯಿತು. ಇಳಿದ ದಿನವೇ ಮೇಸ್ತ್ರಿ ಬಂದ.

“ಆಫೀಸಿನ ನೆಲಮಾಳಿಗೆಗೆ ಕೆಸರು ನೀರು ಒಸರಿದೆ. ಮೊದಲು ಅದನ್ನ ಬಳಿದುಬಿಡಿ. ಆಮೇಲೆ ಲಾರೀಲಿ ನಾನೇ ತಗ್ಗಿಗೆ ಬಿಟ್ಟು ಬರ್ತೀನಿ. ಸೇತುವೆ ಬೇರೆ ಯಾರಿಗೂ ಬಿಡ್ತಿಲ್ಲ.”

ಮೊದಲು ದಿಣ್ಣೆಯ ಕೆಸರು. ಅವಳು ನೆಲಮಾಳಿಗೆಗೆ ಇಳಿದಳು. ಬೇಗ ಮುಗಿದರೆ ಬೇಗ ಹೋಗಬಹುದು. ಆಳವಾದ ಕೆಸರಿನಲ್ಲಿ ಇಳಿದು ಹತ್ತಲು ಗ್ಯಾಂಗಿನವರದೇ ಒಂದು ರೀತಿ ಇದೆ. ಒಂದು ಕಡೆಯಿಂದ ಬಳಿಯುತ್ತಾ ಹೋಗುವುದು, ಇನ್ನೊಂದು ಕಡೆಯ ಕೆಸರನ್ನು ಮುಟ್ಟದೆ ಅದರಲ್ಲೇ ಸಲಿಕೆಯಿಂದ ಮೆಟ್ಟಿಲು ಕಡಿದು ಬಡಿದು ಗಟ್ಟಿ ಮಾಡುವುದು. ಹತ್ತಿ ಇಳಿದು ಕೆಲಸವೆಲ್ಲ ಆದ ಮೇಲೆ ಮೆಟ್ಟಿಲನ್ನೂ ಬಳಿಯುವುದು. ಅವಳು ಬಳಿದಳು, ತುಂಬಿದಳು, ಹೊತ್ತಳು. ಮೋಡ ನೋಡಲಿಲ್ಲ. ಅವಳನ್ನು ಅರೆನಿದ್ದೆ ಎನ್ನುತ್ತಿದ್ದವರೇ ಹಿಂದೆ ಬಿದ್ದರು. ಮಧ್ಯಾಹ್ನಕ್ಕೆ ನೆಲಮಾಳಿಗೆಯ ನೆಲ ಕಂಡಿತು.

“ಮುಗೀತು ಮೇಸ್ತ್ರಿ.”

“ಭೇಷ್. ಈಗ ಮೇಲಿನ ಹಾಲ್ ಇದೆ, ನಿಮ್ಮ ಬುಟ್ಟಿಯಿಂದ ಸುರಿದ ಕೆಸರು. ದೊಡ್ಡವರು ಬರ್ತಿದ್ದಾರೆ, ನೆರೆ ನೋಡೋಕೆ. ಒಂದು ಸಲ ಬಳಿದು ತೊಳೆದುಬಿಡಿ.”

ಅರ್ಧ ತೊಳೆಯುವಷ್ಟರಲ್ಲಿ ದೊಡ್ಡವರು ಬಂದೇಬಿಟ್ಟರು. ಇಂಜಿನಿಯರ್ ಹಾಲ್‌ನಲ್ಲಿ ನಿಂತು ಗೋಡೆಯ ಮೇಲಿನ ನಕ್ಷೆ ತೋರಿಸಿದ. ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಹಿಂದಿನ ಬಾಗಿಲಿನಿಂದ ಹೋಗುತ್ತಾ ಬರುತ್ತಾ ಇದ್ದರು.

“ನಮ್ಮ ಗೋಡೆ ತಡೆದುಕೊಂಡಿದೆ ಸಾರ್. ಇದು ನೂರು ವರ್ಷಕ್ಕೊಂದು ಸಲ ಬರೋ ನೆರೆ.”

ಚಿಕ್ಕಮ್ಮ ನಿಂತಳು. “ಹೋದ ಸಲ ಬಂದಾಗಲೂ ನೂರು ವರ್ಷ ಅಂದ್ರಿ ಸಾರ್. ನಮಗೆ ವಯಸ್ಸಾಗೋದು ಯಾಕೆ ಇಷ್ಟು ಬೇಗ ಅಂತ ಈಗ ಗೊತ್ತಾಯ್ತು.”

ದೊಡ್ಡವರಲ್ಲಿ ಒಬ್ಬರು ನಕ್ಕರು. ಮೇಸ್ತ್ರಿ ಹಲ್ಲು ಕಚ್ಚಿ ನಡಿ ನಡಿ ಎಂದ. ಇಂಜಿನಿಯರ್ ಮುಂದುವರಿಸಿದ: “ಹವಾಮಾನವೇ ಬದಲಾಗಿದೆ. ಯಾರನ್ನೂ ದೂರುವ ಹಾಗಿಲ್ಲ. ಪ್ರಕೃತಿಗೆ ಮೇಲು ಕೀಳು ಇಲ್ಲ ಸಾರ್, ಅದು ಎಲ್ಲರಿಗೂ ಒಂದೇ.”

ಅರೆನಿದ್ದೆ ತಲೆಯ ಮೇಲಿನ ಬುಟ್ಟಿಯೊಂದಿಗೆ ನಿಂತಳು. ಎಲ್ಲರಿಗೂ ಒಂದೇ. ಈ ಹಾಲ್‌ನ ಮೂಲೆಯಲ್ಲಿ ಸೋಫಾಗಳು ಒಣಗುತ್ತಿದ್ದವು.

“ನಾನು ಹೋಗ್ಬೇಕು ಮೇಸ್ತ್ರಿ,” ಎಂದಳು. “ಅಜ್ಜಿನ ಇಳಿಸಬೇಕು.”

“ಇದನ್ನ ಮುಗಿಸು ಅಂದೆ ತಾನೇ?”

“ಮಾತು ಕೊಟ್ಟಿದೀನಿ. ಇಳಿಸಬೇಕು.”

“ಥೂ, ಇಳಿಸೋಕೆ ಇನ್ನೇನು ಉಳಿದಿದೆ ಅಲ್ಲಿ!”

ಹೇಳಿದ ಮೇಲೆ ಅವನಿಗೂ ಮುಖ ಕಪ್ಪಾಯಿತು. ಇಷ್ಟು ದಿನ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಅವಳೂ ತನಗೆ ಹೇಳಿಕೊಂಡಿರಲಿಲ್ಲ.

ಅವಳು ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಹಾಲ್‌ನ ನಡುವಿಗೆ ಬಂದಳು. ಬುಟ್ಟಿಯನ್ನು ತಲೆಯಿಂದ ಇಳಿಸಿ, ತೊಳೆದ ನೆಲದ ಮೇಲೆ, ನಕ್ಷೆಯ ಕೆಳಗೆ ಬೋರಲು ಹಾಕಿದಳು. ಕೆಸರು ಪಚಕ್ಕೆಂದು ಬಿದ್ದು ಒಂದು ಬೂಟಿಗೆ, ಒಂದು ಸೀರೆಯ ಅಂಚಿಗೆ ಹಾರಿತು.

“ಎತ್ಕೊಳ್ಳಿ,” ಎಂದಳು. “ಇದು ನಿಮ್ಮದು. ಎಲ್ಲರಿಗೂ ಒಂದೇ ಅಂದ್ರಲ್ಲ.”

“ಏ! ತಲೆ ಕೆಟ್ಟಿದೆಯಾ? ನಾಳೆಯಿಂದ ನಿನಗೆ ಕೆಲಸ ಇಲ್ಲ!”

“ನಾಳೆಯಿಂದ ಅಲ್ಲ. ಈಗಿಂದ ಇಲ್ಲ. ನಾನು ಮಾಡಲ್ಲ.”

ಅವಳು ಚಿಕ್ಕಮ್ಮನನ್ನು ನೋಡಿದಳು. ಚಿಕ್ಕಮ್ಮನ ತಲೆಯ ಮೇಲೂ ಬುಟ್ಟಿ ಇತ್ತು. ಬಾಗಿಲ ಹೊರಗೆ ಅವಳ ಮಕ್ಕಳು ಊಟದ ಪೊಟ್ಟಣಕ್ಕೆ ಕಾಯುತ್ತಾ ಕೂತಿದ್ದವು. ಇಂಜಿನಿಯರ್‌ಗೇ ಬಾಯಿ ಮುಚ್ಚಿಸಿದ ಚಿಕ್ಕಮ್ಮನ ಬಾಯಿ ತೆರೆಯಿತು, ಮುಚ್ಚಿತು. ಬುಟ್ಟಿ ಅಲುಗಲಿಲ್ಲ.

“ಹೋಗು ಮಗಳೇ,” ಎಂದಳು, ಅಷ್ಟೇ. ಹಿಂದಿನ ಬಾಗಿಲಿಗೆ ನಡೆದಳು. ಹಿಂದೆ ಉಳಿದವರೂ ನಡೆದರು. ಬಿದ್ದ ಕೆಸರನ್ನು ಇನ್ನೊಬ್ಬಳು ಬಂದು ಬಳಿಯತೊಡಗಿದಳು.

ಅರೆನಿದ್ದೆ ಸಲಿಕೆ ಹೆಗಲಿಗೆ ಹಾಕಿಕೊಂಡು ಹೊರಬಿದ್ದಳು. ಸೇತುವೆಯ ಬಳಿ ಕಾವಲಿನವನು ಕೈ ಅಡ್ಡ ಹಿಡಿದ. ಅವಳು ನಿಲ್ಲಲಿಲ್ಲ. ತಲೆಯಿಂದ ಕಾಲಿನ ತನಕ ಕೆಸರು. ತೊಟ್ಟಿಕ್ಕುತ್ತಿತ್ತು. ಹತ್ತಿರ ಬಂದಾಗ ಅವನು ಬಟ್ಟೆ ಕೊಳೆಯಾದೀತೆಂದು ಎರಡು ಹೆಜ್ಜೆ ಹಿಂದೆ ಸರಿದ. ಹುಟ್ಟಿದಾಗಿನಿಂದ ಜನ ಹೀಗೆ ಸರಿಯುವುದನ್ನು ನೋಡಿದ್ದಳು. ಅದರಿಂದ ದಾರಿ ಸಿಕ್ಕಿದ್ದು ಅದೇ ಮೊದಲು.

ತಗ್ಗಿನಲ್ಲಿ ಬೀದಿ ಯಾವುದು ಮನೆ ಯಾವುದು ತಿಳಿಯುತ್ತಿರಲಿಲ್ಲ. ಎಲ್ಲ ಒಂದೇ ಬಣ್ಣ. ಇದು ಹಳೆಯ ನದಿ ಬಿಟ್ಟು ಹೋಗುತ್ತಿದ್ದ ಮೆಕ್ಕಲಲ್ಲ. ಜಲ್ಲಿ, ಎಣ್ಣೆ, ಪ್ಲಾಸ್ಟಿಕ್, ಮೇಲಿನ ಗುಡ್ಡಗಳ ಹೊಟ್ಟೆಯ ಮಣ್ಣು. ಅದರಲ್ಲಿ ಏನೂ ಬೆಳೆಯುವುದಿಲ್ಲ. ಚಿಕ್ಕಮ್ಮನ ಮನೆಯ ಮುಂಗೋಡೆ ಬಿದ್ದಿತ್ತು. ಅಜ್ಜಿಯದು ನಿಂತಿತ್ತು. ಬಾಗಿಲು ಎದೆಮಟ್ಟ ಕೆಸರಿನಲ್ಲಿ ಹೂತಿತ್ತು.

“ಅಜ್ಜಿ,” ಎಂದು ಕರೆದಳು. ಕಿವಿ ಮಂದ ಎಂದು ಇನ್ನೊಂದು ಸಲ ಜೋರಾಗಿ ಕರೆದಳು.

ಮೂಗಿಗೆ ಉತ್ತರ ಸಿಕ್ಕಿತು.

ಅವಳು ಬಾಗಿಲ ಮೇಲರ್ಧವನ್ನು ಸಲಿಕೆಯಿಂದ ಒಡೆದು ಒಳಗೆ ನುಸುಳಿದಳು. ಕೆಸರಿನ ಮೇಲೆ ನಿಂತರೆ ಅಟ್ಟ ಸೊಂಟದ ಮಟ್ಟಕ್ಕೇ ಇತ್ತು. ನೋಡಿದಳು.

ಅಜ್ಜಿ ಹಾಸಿಗೆಯ ಮೇಲೆ ಇರಲಿಲ್ಲ. ಕಾಲು ಆಡದ ಅಜ್ಜಿ ಕೈಯಲ್ಲೇ ತೆವಳಿ ಅಟ್ಟದ ತೀರ ಮೂಲೆಗೆ, ಮಾಡು ಎತ್ತರವಾಗಿರುವ ಕಡೆಗೆ ಹೋಗಿದ್ದಳು. ಒಂದು ಹೆಂಚನ್ನು ತಳ್ಳಲು ನೋಡಿದ್ದಳು. ಹೆಂಚು ಓರೆಯಾಗಿತ್ತು, ಬಿದ್ದಿರಲಿಲ್ಲ. ಆಮೇಲೆ ಸೆರಗನ್ನು ತೊಲೆಗೆ ಸುತ್ತಿ, ಸೊಂಟಕ್ಕೆ ಸುತ್ತಿ, ಗಂಟು ಹಾಕಿಕೊಂಡಿದ್ದಳು. ನೀರು ಎಳೆದುಕೊಂಡು ಹೋಗದ ಹಾಗೆ. ಬಂದವಳಿಗೆ ಇಲ್ಲೇ ಸಿಗುವ ಹಾಗೆ.

ಅರೆನಿದ್ದೆ ಬಗ್ಗಿ ಅಟ್ಟದ ಹಲಗೆಗೆ ಕೈ ಊರಿದಳು.

ಬಾಗಿಲ ಸಂದಿಯಲ್ಲಿ ನೆರಳು ಬಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಸರ್ಕಾರದ ಆಳೊಬ್ಬ ಹೊರಗೇ ನಿಂತು ಇಣುಕಿದ.

“ಏನಮ್ಮಾ, ಹೆಣ ಇದೆಯಾ? ಮುಟ್ಟಬೇಡಿ. ತಂಡ ಬಂದು ತೆಗೆಯುತ್ತೆ.”

“ಯಾವಾಗ ಬರುತ್ತೆ?”

“ದಿಣ್ಣೆ ಕ್ಲೀನಿಂಗ್ ಆದ ಮೇಲೆ.”

“ಹಾಗಾದ್ರೆ ಹೋಗಪ್ಪಾ. ಇದು ನನ್ನ ಕೆಲಸ.”

“ಹಾಗೆಲ್ಲ ಮಾಡೋ ಹಾಗಿಲ್ಲಮ್ಮ. ಫೋಟೋ ತೆಗೀಬೇಕು, ಎಲ್ಲಿ ಸಿಕ್ತು ಅಂತ...”

“ಒಳಗೆ ಬಾ, ತೋರಿಸ್ತೀನಿ. ಬರ್ತೀಯಾ?”

ಅವನು ಬರಲಿಲ್ಲ. ಹೊರಗೋಡೆಗೆ ಸುಣ್ಣದಲ್ಲಿ ಹೆಣ ಇರುವ ಗುರುತು ಹಾಕಿ ಹೋದ.

ಏಣಿ ಕೆಸರಿನಲ್ಲಿ ಹೂತುಹೋಗಿತ್ತು. ಅವಳು ಸಲಿಕೆ ಹಿಡಿದಳು. ಕೆಸರಿನ ಮೇಲೆ ಅಜ್ಜಿಯನ್ನು ಇಳಿಸಲು ಮನಸ್ಸು ಬರಲಿಲ್ಲ. ಒಲೆಯ ಕಡೆಯಿಂದ ಬಳಿಯುತ್ತಾ ಬಂದಳು. ಅಟ್ಟದ ಕೆಳಗಿನ ಕೆಸರನ್ನು ಮಾತ್ರ ಬಿಟ್ಟು, ಅದರಲ್ಲಿ ಮೆಟ್ಟಿಲು ಕಡಿದು, ಸಲಿಕೆಯ ಬೆನ್ನಿನಿಂದ ಬಡಿದು ಗಟ್ಟಿ ಮಾಡಿದಳು. ಬುಟ್ಟಿ ಇರಲಿಲ್ಲ. ಸಲಿಕೆ ಸಲಿಕೆಯಾಗಿ ಬಾಗಿಲಾಚೆ ಎಸೆದಳು. ದಿಣ್ಣೆಯ ಎಷ್ಟೋ ನೆಲಗಳನ್ನು ಕ್ರಮದ ಪ್ರಕಾರ ಮೊದಲು ಬಳಿದಿದ್ದಳು. ತನ್ನ ಮನೆಯ ನೆಲವನ್ನು ಮೊದಲು ಬಳಿದದ್ದು ಇವತ್ತೇ. ಒಡೆದ ಅಂಗೈಯಿಂದ ಹಿಡಿಕೆ ಜಾರುತ್ತಿತ್ತು. ಸಂಜೆಯ ಬಿಸಿಲು ಓರೆಯಾದ ಹೆಂಚಿನ ಸಂದಿಯಿಂದ ಇಳಿಯುವ ಹೊತ್ತಿಗೆ ಒಬ್ಬರು ಮಲಗುವಷ್ಟು ನೆಲ ಕಂಡಿತು. ಅದನ್ನು ಸೆರಗಿನಿಂದ ಒರೆಸಿದಳು.

ಆಮೇಲೆ ಹತ್ತಿದಳು.

ಸೆರಗಿನ ಗಂಟು ನೀರು ಕುಡಿದು, ಒಣಗಿ, ಕಲ್ಲಾಗಿತ್ತು. ಸಲಿಕೆಯ ಅಂಚಿನಿಂದ ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ. ಉಗುರು ಹೋದ ಬೆರಳಿನಿಂದ ಬಿಡಿಸಿದಳು, ಆಗದಿದ್ದಾಗ ಹಲ್ಲಿನಿಂದ ಬಿಡಿಸಿದಳು. ಬಾಯಿಗೆ ಕೆಸರು ಬಂತು. ಉಗಿಯಲಿಲ್ಲ. ಗಂಟು ಸಡಿಲವಾದಾಗ ಅಜ್ಜಿ ಅವಳ ಮೇಲೆ ಒರಗಿದಳು. ದೇಹ ಊದಿತ್ತು. ಮುಖದ ಕೆಸರು ಒಣಗಿ ಬಿರಿದಿತ್ತು. ಕೈ ಬಾಗಲಿಲ್ಲ, ಕುತ್ತಿಗೆಗೆ ಸುತ್ತಿಕೊಳ್ಳಲಿಲ್ಲ. ತೊಲೆಯಿಂದ ಬಿಚ್ಚಿದ ಸೆರಗನ್ನೇ ಅಜ್ಜಿಗೂ ತನಗೂ ಸೇರಿಸಿ ಸುತ್ತಿ, ಎದೆಯ ಮೇಲೆ ಬಿಗಿದು, ಬೆನ್ನಿಗೆ ಹಾಕಿಕೊಂಡಳು. ಹೆಣದ ಭಾರ ಜೀವದ ಭಾರಕ್ಕಿಂತ ಹೆಚ್ಚು.

“ಬಂದೆ ಅಜ್ಜಿ,” ಎಂದಳು. “ತಡವಾಯ್ತು.”

ಗೋಡೆಗೆ ಕೈ ಊರಿ, ಕೆಸರಿನ ಮೊದಲನೆಯ ಮೆಟ್ಟಿಲಿಗೆ ಕಾಲಿಟ್ಟಳು. ಮೆಟ್ಟಿಲು ಕುಸಿಯಿತು, ನಿಂತಿತು. ಇನ್ನೊಂದು ಇಳಿದಳು. ಹೊರಗೆ ಎಲ್ಲೋ ಇನ್ನೊಂದು ಮನೆಯ ಮುಂದೆ ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು. ಓಗೊಡುವವರು ಇರಲಿಲ್ಲ. ಅವಳು ಇನ್ನೊಂದು ಮೆಟ್ಟಿಲು ಇಳಿದಳು. ಕೊನೆಯದರಿಂದ ನೆಲಕ್ಕೆ ಬಂದು, ಬೆನ್ನು ಬಗ್ಗಿಸಿ, ಮಂಡಿಯೂರಿ, ಸೆರಗು ಸಡಿಲಿಸಿದಳು.

ಅಜ್ಜಿಯ ಕಾಲು ನೆಲಕ್ಕೆ ತಾಗಿತು.